ಕೆರೆಗೆ ಕಾರು

ಲಡಾಖ್‌ನ ಪ್ಯಾಂಗಾಂಗ್ ಸರೋವರಕ್ಕೆ ಕಾರು ಇಳಿಸಿದ ವೀರರ ವಿಡಿಯೊ ನೀವೂ ನೋಡಿರ್ತೀರಿ. 2022ರದ್ದು. ಮರುವರ್ಷ ಡಿಸೆಂಬರ್‌ನಲ್ಲಿ ಇನ್ನೊಬ್ಬ ಮಹಾಶಯ ಪಕ್ಕದ ಹಿಮಾಚಲದ ಲಾಹೌಲ್‌ನ ಚಂದ್ರಾ ನದಿಯೊಳಗೇ ಜೀಪು ಓಡಿಸಿದ. ರಸ್ತೆಯಲ್ಲಿ ಟ್ರಾಫಿಕ್ ಜಾಸ್ತಿ ಇತ್ತಂತೆ.

ಬೈಯಬೇಡಿ. 14 ಸಾವಿರ ಅಡಿ ಎತ್ತರದಲ್ಲಿ ಆಮ್ಲಜನಕ ಕಮ್ಮಿ, ತಲೆ ಕೆಲಸ ಮಾಡೋದಿಲ್ಲ. ಕೆಲವರಿಗೆ ಆ ತೊಂದರೆ ಮನೆ ಬಿಡುವಾಗಲೇ ಶುರುವಾಗಿರುತ್ತೆ, ಅಷ್ಟೆ.

ಸರೋವರದ್ದೂ ತಪ್ಪಿದೆ. ಉಪ್ಪುನೀರು ತಾನೇ, ಅಷ್ಟೊಂದು ನೀಲಿ ಯಾಕಿರಬೇಕು? 2009ರಲ್ಲಿ ಬಂದ ‘3 ಈಡಿಯಟ್ಸ್’ ಹಿಂದಿ ಸಿನಿಮಾದಲ್ಲಿ ಅದನ್ನು ತೋರಿಸಿದ್ದೇ ತೋರಿಸಿದ್ದು, ದಡದಲ್ಲಿ ಆ ಸಿನಿಮಾದಲ್ಲಿದ್ದಂಥದೇ ಹಳದಿ ಸ್ಕೂಟರ್, ಕುಂಡಿಯಾಕಾರದ ಸ್ಟೂಲು ಎದ್ದು ನಿಂತವು. ದುಡ್ಡು ಕೊಟ್ಟು, ನೀರಿಗೆ ಬೆನ್ನು ಹಾಕಿ, ಅದರ ಮೇಲೆ ಕೂತು ಫೋಟೊ. ಸರೋವರ 130 ಕಿಲೋಮೀಟರ್ ಉದ್ದ ಇದೆ. ಕ್ಯೂ ಇರೋದು ಸ್ಟೂಲಿನ ಮುಂದೆ.

ಲೇಹ್ ಹತ್ತಿರದ ಖರ್ದುಂಗ್ ಲಾ ಕಣಿವೆದಾರಿಯ ಎತ್ತರದ ಬೋರ್ಡ್ ಇನ್ನೂ ಚೆನ್ನ. 18,380 ಅಡಿ ಅಂತ ಎಷ್ಟೋ ವರ್ಷ ಬರೆದಿತ್ತು. ಅಳೆದು ನೋಡಿದರೆ 800 ಅಡಿ ಕಮ್ಮಿ! ಅಷ್ಟರಲ್ಲಿ ನಮ್ಮ ಬೈಕರ್‌ಗಳು ಸ್ಟಿಕರ್ ಅಂಟಿಸಿ, ಹ್ಯಾಂಡಲ್‌ಗೆ ಐದು ಬಣ್ಣದ ಪ್ರಾರ್ಥನಾ ಬಾವುಟ ಕಟ್ಟಿಕೊಂಡು ಬೆಂಗಳೂರಿಗೆ ವಾಪಸ್. ಮಂತ್ರ ಗಾಳಿಯಲ್ಲಿ ಹರಡಲಿ ಅಂತ ಅಲ್ಲಿನವರು ಕಣಿವೆಗಳಲ್ಲಿ ಕಟ್ಟುವ ಬಾವುಟ ಅದು. ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಮಂತ್ರ ಎಲ್ಲಿಗೆ ಹೋಗಬೇಕು? ಬೈಕೇ ಕದಲೋದಿಲ್ಲ.

ಇನ್ನು ಕಕ್ಕಸು. ಲೇಹ್‌ನಲ್ಲಿ ವರ್ಷಕ್ಕೆ ಬೀಳೋದು ಸುಮಾರು 100 ಮಿಲಿಮೀಟರ್ ಮಳೆ. ಅದಕ್ಕೇ ಅಲ್ಲಿನ ಹಳೇ ಮನೆಗಳಲ್ಲಿ ಒಣ ಕಕ್ಕಸು. ಮಹಡಿಯ ನೆಲದಲ್ಲೊಂದು ಕಿಂಡಿ, ಪಕ್ಕದಲ್ಲಿ ಮಣ್ಣಿನ ಗುಡ್ಡೆ, ಒಂದು ಸಲಿಕೆ. ಕೆಲಸ ಮುಗಿಸಿ ಮಣ್ಣು ತಳ್ಳಿದರೆ ಆಯ್ತು. ಕೆಳಗಿನ ಕೋಣೆಯಲ್ಲಿ ಕೊಳೆತು ಗೊಬ್ಬರವಾಗಿ ಹೊಲಕ್ಕೆ ಹೋಗುತ್ತೆ. ಒಂದು ಹನಿ ನೀರು ಖರ್ಚಿಲ್ಲ. ನಮಗೆ ಅದು ಆಗಲ್ಲ ಬಿಡಿ. ಫ್ಲಶ್ ಬೇಕು, ಬಿಸಿನೀರು ಬೇಕು, ಬಕೆಟ್ ಕೊಟ್ಟರೆ ಒಂದೇ ಸ್ಟಾರ್. ಹೋಟೆಲಿನವರು ಬೋರ್‌ವೆಲ್ ಕೊರೆಯದೆ ಇನ್ನೇನು ಮಾಡ್ತಾರೆ?

ನಗು ಸಾಕು. 2019ರಲ್ಲಿ ಲಡಾಖನ್ನು ಕೇಂದ್ರಾಡಳಿತ ಪ್ರದೇಶ ಮಾಡಿದರು, ವಿಧಾನಸಭೆ ಕೊಡಲಿಲ್ಲ. ನಮ್ಮ ನೆಲ, ನೀರಿನ ಬಗ್ಗೆ ನಮ್ಮ ಮಾತೂ ನಡೆಯಲಿ, ಬುಡಕಟ್ಟು ಪ್ರದೇಶಗಳಿಗೆ ಸ್ವಾಯತ್ತ ಆಡಳಿತ ಕೊಡುವ ಸಂವಿಧಾನದ ಆರನೇ ಶೆಡ್ಯೂಲ್‌ಗೆ ಸೇರಿಸಿ ಅಂತ ಅಲ್ಲಿನವರು ಕೇಳ್ತಾನೇ ಇದ್ದಾರೆ. 2024ರ ಮಾರ್ಚ್‌ನಲ್ಲಿ ಅಲ್ಲಿನ ಹೋರಾಟಗಾರ ಸೋನಮ್ ವಾಂಗ್‌ಚುಕ್ ಇದಕ್ಕಾಗಿ ಕೊರೆಯುವ ಚಳಿಯಲ್ಲಿ 21 ದಿನ ಉಪವಾಸ ಕೂತರು. 2025ರ ಸೆಪ್ಟೆಂಬರ್ 24ರಂದು ಇದೇ ಬೇಡಿಕೆಯ ಪ್ರತಿಭಟನೆ ವೇಳೆ ಲೇಹ್‌ನಲ್ಲಿ ಗುಂಡು ಹಾರಿ ನಾಲ್ಕು ಜನ ಸತ್ತರು. ನಮ್ಮವರ ಟ್ರಿಪ್ ಗ್ರೂಪಿನಲ್ಲಿ ಬಂದ ಮೊದಲ ಪ್ರಶ್ನೆ: ಹೋಟೆಲ್ ಕ್ಯಾನ್ಸಲ್ ಮಾಡಿದರೆ ಪೂರ್ತಿ ದುಡ್ಡು ವಾಪಸ್ ಬರುತ್ತಾ?