ಕೋಲ್‌ಮನ್ ಹಾಕಿನ್ಸ್ ಅವರನ್ನು 1939ರಲ್ಲೇ ನಿಲ್ಲಿಸಬೇಡಿ

ಜಾಜ್ ಸಂಗೀತದಲ್ಲಿ ಟೆನರ್ ಸ್ಯಾಕ್ಸೋಫೋನಿಗೆ (ತಗ್ಗಿನ ದನಿಯ ಸ್ಯಾಕ್ಸೋಫೋನ್, ಮುಂದೆ ಬರೀ ಟೆನರ್ ಅನ್ನುತ್ತೇನೆ) ಒಂದು ದನಿ ಕೊಟ್ಟವರು ಕೋಲ್‌ಮನ್ ಹಾಕಿನ್ಸ್. ಅವರ ಬಗ್ಗೆ ಯಾರೇ ಬರೆಯಲಿ, ಮಾತು ಬಂದು ನಿಲ್ಲುವುದು ಒಂದೇ ರೆಕಾರ್ಡಿನ ಹತ್ತಿರ. 1939ರ 'ಬಾಡಿ ಆ್ಯಂಡ್ ಸೋಲ್'. ಅದು ದೊಡ್ಡ ರೆಕಾರ್ಡ್, ಅದರಲ್ಲಿ ಎರಡು ಮಾತಿಲ್ಲ. ನನ್ನ ತಕರಾರು ಇರುವುದು ಅಲ್ಲಿಗೇ ನಿಲ್ಲುವುದರ ಬಗ್ಗೆ. 1920ರ ದಶಕದ ಆರಂಭದಿಂದ 1966ರವರೆಗೆ ಈ ಮನುಷ್ಯ ಸ್ಟುಡಿಯೋಗೆ ಹೋಗುತ್ತಲೇ ಇದ್ದರು. ಆ ನಲವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಮೂರು ನಿಮಿಷ ಮಾತ್ರ ಎತ್ತಿಟ್ಟುಕೊಂಡರೆ ಅವರು ಮಾಡಿದ್ದೇನು ಅನ್ನುವುದು ಅರ್ಧವೂ ತಿಳಿಯುವುದಿಲ್ಲ. ಅವರ ರೆಕಾರ್ಡುಗಳನ್ನು ಇಸವಿ ನೋಡಿಕೊಂಡು, ಹಳೆಯದರಿಂದ ಹೊಸದಕ್ಕೆ, ಸಾಲಾಗಿ ಕೇಳಬೇಕು. ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಹಾಕಿನ್ಸ್ ಹುಟ್ಟಿದ್ದು 1904ರಲ್ಲಿ, ಅಮೆರಿಕದ ಮಿಸೌರಿ ರಾಜ್ಯದ ಸೇಂಟ್ ಜೋಸೆಫ್ ಊರಲ್ಲಿ. ಮೊದಲು ಪಿಯಾನೋ ಕಲಿತರು, ಆಮೇಲೆ ಪಿಟೀಲಿನ ಜಾತಿಯ ದೊಡ್ಡ ವಾದ್ಯ ಚೆಲ್ಲೋ. ಟೆನರ್ ಕೈಗೆ ಬಂದಾಗ ಒಂಬತ್ತು ವರ್ಷ. ಆ ಕಾಲದಲ್ಲಿ ಸ್ಯಾಕ್ಸೋಫೋನ್ ಅಂದರೆ ಬಹಳ ಮಟ್ಟಿಗೆ ಜನರನ್ನು ನಗಿಸುವ ವಾದ್ಯ. ಅದರಲ್ಲಿ ಗಂಭೀರವಾಗಿ ಏನನ್ನಾದರೂ ಹೇಳಬಹುದು ಅಂತ ಹೆಚ್ಚಿನವರು ಅಂದುಕೊಂಡಿರಲಿಲ್ಲ.

1923ರಲ್ಲಿ ಅವರು ನ್ಯೂಯಾರ್ಕಿನ ಫ್ಲೆಚರ್ ಹೆಂಡರ್ಸನ್ ಅವರ ತಂಡದ ಜೊತೆ ಮಾಡಿದ ರೆಕಾರ್ಡುಗಳನ್ನು ಕೇಳಿ. ಆಗ ರೆಕಾರ್ಡಿಂಗಿಗೆ ಮೈಕ್ ಬಂದಿರಲಿಲ್ಲ. ಇಡೀ ತಂಡ ಶಬ್ದ ಹಿಡಿಯುವ ಒಂದು ದೊಡ್ಡ ಕೊಂಬಿನ ಮುಂದೆ ನಿಂತು ನುಡಿಸಬೇಕಿತ್ತು. ಹಾಕಿನ್ಸ್ ನಾಲಗೆಯಿಂದ ರೀಡಿಗೆ (ವಾದ್ಯದ ಬಾಯಲ್ಲಿರುವ ಜೊಂಡಿನ ಪಟ್ಟಿ) ಪಟ್ ಪಟ್ ಅಂತ ಹೊಡೆಯುತ್ತಾ ಒಂದೊಂದೇ ಸ್ವರವನ್ನು ಬಿಡಿಬಿಡಿಯಾಗಿ ಎಸೆಯುತ್ತಾರೆ. ಈಗ ಕೇಳಿದರೆ ಒರಟು ಅನಿಸುತ್ತದೆ. ಆದರೂ ಇಲ್ಲಿಂದಲೇ ಸುರು ಮಾಡಬೇಕು. ಇಲ್ಲದಿದ್ದರೆ ಮುಂದೆ ಅವರು ಎಷ್ಟು ದೂರ ನಡೆದರು ಅನ್ನುವುದು ಗೊತ್ತಾಗುವುದಾದರೂ ಹೇಗೆ?

1924ರಲ್ಲಿ ಅದೇ ತಂಡಕ್ಕೆ ಲೂಯಿ ಆರ್ಮ್‌ಸ್ಟ್ರಾಂಗ್ ಟ್ರಂಪೆಟ್ ಹಿಡಿದು ಬಂದರು. ಒಂದು ವರ್ಷ ಇದ್ದು ಹೋದರು. ಅಷ್ಟರಲ್ಲಿ ತಂಡದ ನಡಿಗೆಯೇ ಬೇರೆಯಾಗಿತ್ತು. 1926ರ 'ದ ಸ್ಟಾಂಪೀಡ್' ಹಾಕಿದರೆ ಹಾಕಿನ್ಸ್ ಅವರ ಸರದಿಯಲ್ಲಿ ಆ ಪಟ್ ಪಟ್ ಮರೆಯಾಗಿದೆ. ಸಾಲುಗಳು ಒಂದಕ್ಕೊಂದು ಕೂಡಿಕೊಂಡಿವೆ, ಮುನ್ನುಗ್ಗುತ್ತಿವೆ. ಇನ್ನು ಮೂರು ವರ್ಷಕ್ಕೆ, 1929ರ ನವೆಂಬರಿನಲ್ಲಿ, 'ಒನ್ ಅವರ್' ಅನ್ನುವ ನಿಧಾನದ ಹಾಡು. ಅಲ್ಲಿ ಟೆನರ್ ಮೊದಲ ಬಾರಿಗೆ ಮನಸ್ಸು ಬಿಚ್ಚಿ ಮಾತಾಡುತ್ತದೆ. ಈ ಆರು ವರ್ಷಗಳ ರೆಕಾರ್ಡುಗಳೇ ನನಗೆ 'ಬಾಡಿ ಆ್ಯಂಡ್ ಸೋಲ್'ಗಿಂತ ಜಾಸ್ತಿ ಅಚ್ಚರಿ ಕೊಡುತ್ತವೆ. ಒಂದು ವಾದ್ಯ ನಮ್ಮ ಕಿವಿಯೆದುರೇ ಬೆಳೆದು ದೊಡ್ಡದಾಗುತ್ತದೆ.

ಆ ಪ್ಲೇಟುಗಳ ಪ್ರಭಾವ ಎಷ್ಟಿತ್ತು ಅನ್ನುವುದಕ್ಕೆ ಒಂದು ಪ್ರಸಂಗ. 1934ರಲ್ಲಿ ಹಾಕಿನ್ಸ್ ಯುರೋಪಿಗೆ ಹೊರಟರು. ಹೆಂಡರ್ಸನ್ ತಂಡದಲ್ಲಿ ಅವರ ಜಾಗಕ್ಕೆ ಲೆಸ್ಟರ್ ಯಂಗ್ ಎಂಬ ಇನ್ನೊಬ್ಬ ಟೆನರ್ ವಾದಕ ಬಂದರು. ಯಂಗ್ ಅವರದು ಹಗುರವಾದ, ತೇಲುವ ನಾದ. ತಂಡದವರಿಗೆ ಅದು ಹಿಡಿಸಲಿಲ್ಲ. ಹೆಂಡರ್ಸನ್ ಅವರ ಹೆಂಡತಿ ಲಿಯೋರಾ ದಿನಾ ಬೆಳಗ್ಗೆ ಹಾಕಿನ್ಸ್ ರೆಕಾರ್ಡುಗಳನ್ನು ಹಾಕಿ, ಹೀಗೆ ನುಡಿಸು ಅಂತ ಯಂಗ್ ಅವರಿಗೆ ಕೇಳಿಸುತ್ತಿದ್ದರಂತೆ. ಯಂಗ್ ಅವರೇ ಮುಂದೆ ಇದನ್ನು ಹೇಳಿಕೊಂಡಿದ್ದಾರೆ. ಅವರು ಬದಲಾಗಲಿಲ್ಲ, ಕೆಲವೇ ತಿಂಗಳಲ್ಲಿ ತಂಡ ಬಿಟ್ಟರು, ತಮ್ಮದೇ ದಾರಿ ಕಟ್ಟಿಕೊಂಡರು. ಅದು ಒಳ್ಳೆಯದೇ ಆಯಿತು. ಆದರೆ ಹತ್ತೇ ವರ್ಷದಲ್ಲಿ ಒಬ್ಬ ವಾದಕನ ರೆಕಾರ್ಡು ಟೆನರ್ ಹೀಗೇ ಇರಬೇಕು ಅನ್ನುವ ಪಠ್ಯಪುಸ್ತಕ ಆಗಿಬಿಟ್ಟಿತ್ತಲ್ಲ, ಅದನ್ನು ಗಮನಿಸಿ.

ಯುರೋಪಿನ ಐದು ವರ್ಷಗಳಲ್ಲಿ ನನಗೆ ಬಹಳ ಇಷ್ಟವಾದದ್ದು 1937ರ ಏಪ್ರಿಲಿನಲ್ಲಿ ಪ್ಯಾರಿಸಿನಲ್ಲಿ ಸ್ಯಾಕ್ಸೋಫೋನ್ ವಾದಕ ಬೆನ್ನಿ ಕಾರ್ಟರ್, ಗಿಟಾರ್ ವಾದಕ ಜಾಂಗೋ ರೈನ್‌ಹಾರ್ಟ್ ಜೊತೆ ಮಾಡಿದ ನಾಲ್ಕು ಹಾಡು. 'ಕ್ರೇಜಿ ರಿದಮ್' ಒಂದನ್ನಾದರೂ ಕೇಳಿ.

ಈಗ ಆ ರೆಕಾರ್ಡಿಗೆ ಬರೋಣ. 1939ರ ಅಕ್ಟೋಬರ್ 11, ನ್ಯೂಯಾರ್ಕ್. (ನಮ್ಮ ಕದ್ರಿ ಗೋಪಾಲನಾಥ್ ತೀರಿಕೊಂಡದ್ದೂ ಅಕ್ಟೋಬರ್ 11ಕ್ಕೇ, 2019ರಲ್ಲಿ. ಸರಿಯಾಗಿ ಎಂಬತ್ತು ವರ್ಷದ ಅಂತರ. ಸ್ಯಾಕ್ಸೋಫೋನ್ ಇಷ್ಟಪಡುವ ಕನ್ನಡದವರಿಗೆ ಈ ದಿನ ನೆನಪಿರಲಿ.) ಪಿಯಾನೋದಲ್ಲಿ ಜೀನ್ ರಾಜರ್ಸ್ ನಾಲ್ಕು ಬಾರ್ (ಬಾರ್ ಅಂದರೆ ತಾಳದ ಒಂದು ಆವರ್ತ) ನುಡಿಸುತ್ತಾರೆ. ಹಾಕಿನ್ಸ್ ಒಳಗೆ ಬರುತ್ತಾರೆ. ಮೊದಲ ಕೆಲವು ಬಾರ್‌ಗಳಲ್ಲಿ ಮಾತ್ರ ಹಾಡಿನ ಮೂಲ ಧಾಟಿಯ ಗುರುತು ಸಿಗುತ್ತದೆ. ಹಾಡಿನ ಎರಡು ಪೂರ್ತಿ ಸುತ್ತಿನಲ್ಲಿ, ಅಂದರೆ 64 ಬಾರ್‌ಗಳಲ್ಲಿ, ಉಳಿದದ್ದೆಲ್ಲ ಅವರದೇ ಕಟ್ಟಣೆ. ಜನಪ್ರಿಯ ಹಾಡಿನ ಪ್ಲೇಟ್ ಕೊಂಡವರಿಗೆ ಹಾಡೇ ಸಿಗಲಿಲ್ಲ. ಆದರೂ ಅದು ಭರ್ಜರಿ ಮಾರಾಟವಾಯಿತು.

ಇಲ್ಲಿ ಅವರು ಮಾಡಿದ್ದೇನು? ನಮ್ಮ ಮನೋಧರ್ಮ ಸಂಗೀತದಲ್ಲಿ ಶ್ರುತಿ ಕದಲುವುದಿಲ್ಲ, ರಾಗದ ಒಳಗೇ ಹುಡುಕಾಟ ನಡೆಯುತ್ತದೆ. ಇಲ್ಲಿ ಹಾಗಲ್ಲ. ಗಿಟಾರಿನವರು ಕಾರ್ಡ್ ಅಂತಾರಲ್ಲ, ಒಟ್ಟಿಗೆ ನುಡಿಯುವ ಸ್ವರಗಳ ಗುಂಪು, ಅದು ಹೆಜ್ಜೆಹೆಜ್ಜೆಗೂ ಬದಲಾಗುತ್ತದೆ. 'ಬಾಡಿ ಆ್ಯಂಡ್ ಸೋಲ್' ಹಾಡಿನ ನಡುಭಾಗದಲ್ಲಿ ಆಧಾರ ಸ್ವರವೇ ಅರ್ಧ ಸ್ವರ ಮೇಲಕ್ಕೆ ಜರುಗುತ್ತದೆ. ಅಲ್ಲಿಂದ ಒಂದು ಪೂರ್ತಿ ಸ್ವರ ಕೆಳಕ್ಕೆ ಇಳಿಯುತ್ತದೆ. ಕೊನೆಗೆ ಮನೆಗೆ ವಾಪಸ್. ಹಾಕಿನ್ಸ್ ಪ್ರತಿ ಕಾರ್ಡನ್ನೂ ಬಿಡಿಸಿ, ಅದರ ಸ್ವರಗಳನ್ನು ಮೇಲೆ ಕೆಳಗೆ ಹತ್ತಿ ಇಳಿದು, ಮುಂದಿನದಕ್ಕೆ ದಾರಿ ಮಾಡಿಕೊಳ್ಳುತ್ತಾರೆ. ನಾದ ಸುತ್ತುಸುತ್ತಿಗೂ ದಪ್ಪವಾಗುತ್ತಾ, ಬಿಸಿಯಾಗುತ್ತಾ ಹೋಗುತ್ತದೆ. ಕೊನೆಯಲ್ಲಿ ತಂಡ ಸುಮ್ಮನಾಗಿ ಟೆನರ್ ಒಂದೇ ಉಳಿಯುತ್ತದೆ. ಮೂರು ನಿಮಿಷದಲ್ಲಿ ಇಷ್ಟು!

ಆದರೆ ಆ ಮೂರು ನಿಮಿಷ ಹಾಕಿನ್ಸ್ ಆರಿಸಿಕೊಂಡ ಅಳತೆ ಅಲ್ಲ. ಹತ್ತು ಇಂಚಿನ ಪ್ಲೇಟಿನ ಒಂದು ಬದಿಗೆ ಹಿಡಿಸುತ್ತಿದ್ದದ್ದೇ ಅಷ್ಟು. ಕ್ಲಬ್ಬಿನಲ್ಲಿ ಅವರು ಎಷ್ಟು ಹೊತ್ತು ನುಡಿಸುತ್ತಿದ್ದರು? ಇದಕ್ಕೆ ಉತ್ತರ ಸಿಕ್ಕಿದ್ದು ಬಿಲ್ ಸೇವರಿ ಎಂಬ ಎಂಜಿನಿಯರ್ ದೆಸೆಯಿಂದ. 1930ರ ದಶಕದ ಕೊನೆಯಲ್ಲಿ ಅವರು ರೇಡಿಯೋದಲ್ಲಿ ಪ್ರಸಾರವಾಗುತ್ತಿದ್ದ ಜಾಜ್ ಕಛೇರಿಗಳನ್ನು ದೊಡ್ಡ ಪ್ಲೇಟುಗಳಿಗೆ ಇಳಿಸಿಕೊಂಡಿದ್ದರು. ಅವರು ತೀರಿಕೊಂಡ ಮೇಲೆ, 2010ರಲ್ಲಿ, ಸಾವಿರಕ್ಕೆ ಹತ್ತಿರದಷ್ಟು ಪ್ಲೇಟುಗಳು ಹಾರ್ಲೆಮ್‌ನ ರಾಷ್ಟ್ರೀಯ ಜಾಜ್ ಮ್ಯೂಸಿಯಂ ಕೈ ಸೇರಿದವು. ಅವುಗಳಲ್ಲಿ 1940ರ ಒಂದು 'ಬಾಡಿ ಆ್ಯಂಡ್ ಸೋಲ್' ಇದೆ. ಸ್ಟುಡಿಯೋ ರೆಕಾರ್ಡಿಗಿಂತ ಎಷ್ಟೋ ಉದ್ದ. ಸುತ್ತಿನ ಮೇಲೆ ಸುತ್ತು, ಅವಸರವೇ ಇಲ್ಲ. 2016ರಲ್ಲಿ ಸೇವರಿ ಸಂಗ್ರಹದ ಮೊದಲ ಸಂಪುಟ ಹೊರಬಂದಾಗ ಅದೇ ಹಾಡಿನ ಹೆಸರನ್ನು ಅದಕ್ಕೆ ಇಟ್ಟರು. ಎರಡನ್ನೂ ಒಂದರ ಹಿಂದೊಂದು ಕೇಳಿ ನೋಡಿ. 1939ರದ್ದು ಚಿಕ್ಕ ಚೌಕಟ್ಟಿಗೆ ಹಿಡಿಸಿದ ಚಿತ್ರ ಅನ್ನುವುದು ತಕ್ಷಣ ಹೊಳೆಯುತ್ತದೆ.

ಇಲ್ಲಿಂದ ಮುಂದಿನದೇ ನನ್ನ ಪ್ರಕಾರ ಹಾಕಿನ್ಸ್ ಅವರ ನಿಜವಾದ ದೊಡ್ಡತನ. ಅವರಿಗೆ ಆಗಲೇ ಹೆಸರು ಬಂದಿತ್ತು, ಹಣ ಬಂದಿತ್ತು. ಅದೇ ಹಾಡನ್ನು ನುಡಿಸಿಕೊಂಡು ಆರಾಮಾಗಿ ಇರಬಹುದಿತ್ತು. 1942ರ ಆಗಸ್ಟಿನಲ್ಲಿ ವಾದಕರ ಸಂಘ ರೆಕಾರ್ಡಿಂಗ್ ಮುಷ್ಕರ ಹೂಡಿತು. ಯುದ್ಧದಿಂದಾಗಿ ಪ್ಲೇಟಿಗೆ ಬೇಕಾದ ಅರಗಿಗೂ ಬರ. ಆ ಅರಗು ಹೋಗುತ್ತಿದ್ದದ್ದು ಬಹುಪಾಲು ನಮ್ಮ ದೇಶದಿಂದಲೇ. ಇದೇ ಹೊತ್ತಿಗೆ ನ್ಯೂಯಾರ್ಕಿನ ಹುಡುಗರು ಬೀಬಾಪ್ ಅನ್ನುವ ಹೊಸ ಸಂಗೀತ ಕಟ್ಟುತ್ತಿದ್ದರು. ಹಳಬರಲ್ಲಿ ಅನೇಕರಿಗೆ ಅದು ಬರೀ ಗದ್ದಲ. ಹಾಕಿನ್ಸ್ ಮಾತ್ರ ಆ ಹುಡುಗರನ್ನು ಕರೆದು ಕೆಲಸ ಕೊಟ್ಟರು. ಸಣ್ಣ ಕಂಪನಿಗಳು ಮತ್ತೆ ರೆಕಾರ್ಡ್ ಮಾಡತೊಡಗಿದ ಮೇಲೆ, 1944ರ ಫೆಬ್ರವರಿಯಲ್ಲಿ, ಟ್ರಂಪೆಟ್ ವಾದಕ ಡಿಜಿ ಗಿಲೆಸ್ಪಿ, ಡ್ರಮ್ಸ್ ವಾದಕ ಮ್ಯಾಕ್ಸ್ ರೋಚ್ ಅವರನ್ನು ಸ್ಟುಡಿಯೋಗೆ ಕರೆದೊಯ್ದರು. ಮ್ಯಾಕ್ಸ್ ರೋಚ್‌ಗೆ ಆಗ 20 ವರ್ಷ. ಅಲ್ಲಿ ನುಡಿಸಿದ 'ವುಡಿ ಎನ್ ಯೂ' ಗಿಲೆಸ್ಪಿ ಅವರದೇ ರಚನೆ. ಬೀಬಾಪ್‌ನ ಮೊದಲ ಸ್ಟುಡಿಯೋ ರೆಕಾರ್ಡಿಂಗ್ ಅಂತ ಅನೇಕರು ಹೇಳುವುದು ಇದನ್ನೇ.

ಅದೇ ವರ್ಷ ಅಕ್ಟೋಬರಿನಲ್ಲಿ ಪಿಯಾನೋಗೆ ಥೆಲೋನಿಯಸ್ ಮಾಂಕ್. ಅವರ ನುಡಿಸಾಣಿಕೆ ವಿಚಿತ್ರ ಅಂತ ಆಡಿಕೊಳ್ಳುವವರೇ ಜಾಸ್ತಿ ಇದ್ದ ಕಾಲ ಅದು. ಮಾಂಕ್ ಸ್ಟುಡಿಯೋದಲ್ಲಿ ಮಾಡಿದ ಮೊಟ್ಟಮೊದಲ ರೆಕಾರ್ಡುಗಳು ಹಾಕಿನ್ಸ್ ತಂಡದವು. 'ಫ್ಲೈಯಿಂಗ್ ಹಾಕ್' ಕೇಳಿ, ಪಿಯಾನೋ ಸರದಿ ಬಂದಾಗ ಯಾರು ಅಂತ ಗುರುತು ಹಿಡಿಯುವುದು ಕಷ್ಟವಲ್ಲ. ಮಾಂಕ್ ಆ ಉಪಕಾರ ಮರೆಯಲಿಲ್ಲ. 1957ರಲ್ಲಿ 'ಮಾಂಕ್ಸ್ ಮ್ಯೂಸಿಕ್' ಆಲ್ಬಂ ಮಾಡುವಾಗ ಹಾಕಿನ್ಸ್ ಅವರನ್ನು ಕರೆದರು. ಪಕ್ಕದಲ್ಲಿ ಇನ್ನೊಂದು ಟೆನರ್, ಜಾನ್ ಕೋಲ್ಟ್ರೇನ್. ಒಬ್ಬರಿಗೆ 52, ಇನ್ನೊಬ್ಬರಿಗೆ 30. ಜಾಜ್ ಟೆನರಿನ ಎರಡು ತಲೆಮಾರು ಒಂದೇ ಕೋಣೆಯಲ್ಲಿ! ಅದರಲ್ಲಿ 'ರೂಬಿ, ಮೈ ಡಿಯರ್' ಹಾಕಿನ್ಸ್ ಪಾಲಿಗೆ ಬಂದಿದೆ. ಎಷ್ಟು ಮಮತೆಯಿಂದ ನುಡಿಸಿದ್ದಾರೆ ಅಂತ ಬರೆದು ತಿಳಿಸುವುದು ನನ್ನಿಂದ ಆಗುವ ಕೆಲಸ ಅಲ್ಲ.

ನಡುವೆ 1948ರ 'ಪಿಕಾಸೊ' ಇದೆ. ಡ್ರಮ್ಸ್ ಇಲ್ಲ, ಪಿಯಾನೋ ಇಲ್ಲ, ಬಾಸ್ ಇಲ್ಲ, ಒಂಟಿ ಟೆನರ್. ಇದಕ್ಕೆ ಎರಡು ಮೂರು ಸಲ ಕಿವಿ ಕೊಡಬೇಕು, ಮೊದಲ ಸಲಕ್ಕೆ ಒಲಿಯುವಂಥದ್ದಲ್ಲ.

ಒಂದೇ ಒಂದನ್ನು ಆರಿಸು ಅಂದರೆ ನಾನು ಆರಿಸುವುದು 1960ರ 'ಡ್ರೈವಾ ಮ್ಯಾನ್'. ಮ್ಯಾಕ್ಸ್ ರೋಚ್ ಅವರ 'ವಿ ಇನ್ಸಿಸ್ಟ್!' ಆಲ್ಬಂನ ಮೊದಲ ಹಾಡು. ಗುಲಾಮರನ್ನು ಹೊಡೆದು ದುಡಿಸುತ್ತಿದ್ದ ಮೇಸ್ತ್ರಿಯ ಬಗ್ಗೆ ಆ್ಯಬಿ ಲಿಂಕನ್ ಹಾಡುತ್ತಾರೆ. ಐದು ಎಣಿಕೆಯ ಲಯ, ಪ್ರತಿ ಬಾರ್‌ನ ಮೊದಲ ಪೆಟ್ಟು ಚಾಟಿ ಏಟಿನ ಹಾಗೆ ಬೀಳುತ್ತದೆ. 55 ವರ್ಷದ ಹಾಕಿನ್ಸ್ ಬಂದು ನುಡಿಸುತ್ತಾರೆ. ಚಂದ ಮಾಡಲು ಹೋಗುವುದಿಲ್ಲ. ಒಂದು ಕಡೆ ರೀಡ್ ಕೀರಲು ದನಿ ಮಾಡುತ್ತದೆ. ಅದನ್ನು ಕತ್ತರಿಸಿ ಸರಿಮಾಡುವ ಮಾತು ಬಂದಾಗ ಅವರು ಬೇಡವೆಂದರು. ಇಂಥ ಹಾಡಿನಲ್ಲಿ ಎಲ್ಲವೂ ನಯವಾಗಿದ್ದರೆ ಅದೇ ತಪ್ಪು ಅನ್ನುವುದು ಅವರ ನಿಲುವು. ಆ ಕೀರಲು ಇವತ್ತಿಗೂ ರೆಕಾರ್ಡಿನಲ್ಲಿ ಹಾಗೇ ಇದೆ. 1944ರಲ್ಲಿ ತಾವು ಕರೆದುಕೊಂಡು ಹೋದ 20ರ ಹುಡುಗ ಈಗ ತಂಡದ ಯಜಮಾನ. ಅವನ ಸಿಟ್ಟಿನ ಹಾಡಿಗೆ ಹಿರಿಯರು ಉಸಿರು ಕೊಟ್ಟಿದ್ದಾರೆ. 'ಬಾಡಿ ಆ್ಯಂಡ್ ಸೋಲ್' ಮಾತ್ರ ಗೊತ್ತಿರುವವರಿಗೆ ಈ ಹಾಕಿನ್ಸ್ ಪರಿಚಯವೇ ಇಲ್ಲ. ನನಗೆ ಬೇಸರ ಆಗುವುದು ಇದಕ್ಕೇ.

ಹಾಡು ಕೇಳಿಸುವ ಈಗಿನ ಆ್ಯಪ್‌ಗಳು ಈ ತೊಂದರೆಯನ್ನು ಇನ್ನೂ ಹೆಚ್ಚಿಸಿವೆ. ಯುರೋಪಿನಲ್ಲಿ 1963ಕ್ಕಿಂತ ಮೊದಲು ಬಿಡುಗಡೆಯಾದ ರೆಕಾರ್ಡಿಂಗ್‌ಗಳ ಮೇಲಿನ ಹಕ್ಕು ಮುಗಿದಿದೆ. ಭಾರತದಲ್ಲೂ ರೆಕಾರ್ಡಿಂಗ್ ಹಕ್ಕು 60 ವರ್ಷಕ್ಕೆ ಮುಗಿಯುತ್ತದೆ. ಹಾಗಾಗಿ ಹಳೆಯ ಹಾಡುಗಳನ್ನು ಕಲಸಿ, ಹೊಸ ಮುಖಪುಟ ಅಂಟಿಸಿ, 'ಬೆಸ್ಟ್ ಆಫ್' ಅಂತ ಹಾಕುವವರು ಬಹಳ. ಅಲ್ಲಿ ಕಾಣುವ ಇಸವಿ ಸಂಕಲನ ಬಂದ ವರ್ಷ, ನುಡಿಸಿದ ವರ್ಷ ಅಲ್ಲ. ಜೊತೆಗಾರರ ಹೆಸರಂತೂ ಇರುವುದೇ ಇಲ್ಲ. ಹಾಕಿನ್ಸ್ 'ಬಾಡಿ ಆ್ಯಂಡ್ ಸೋಲ್' ಹಾಡನ್ನು ಹಲವು ಸಲ ರೆಕಾರ್ಡ್ ಮಾಡಿದ್ದಾರೆ. ಯಾವುದು ಯಾವುದು ಅಂತ ತಿಳಿಯದೆ ಕೇಳುವ ಪರಿಸ್ಥಿತಿ. ಪಿಯಾನೋದಲ್ಲಿ ಮಾಂಕ್ ಇದ್ದಾರೆ ಅಂತಲೇ ಬರೆಯದಿದ್ದರೆ 1944ರ ಆ ಹಾಡಿನ ಅರ್ಧ ಮಹತ್ವ ಹೋದಂತೆ, ಅಲ್ವಾ? ಪ್ಯಾರಿಸಿನ ಚಾರ್ಲ್ಸ್ ಡಿಲೋನೆ 1936ರಷ್ಟು ಹಿಂದೆಯೇ ಯಾರು, ಎಲ್ಲಿ, ಯಾವತ್ತು ನುಡಿಸಿದರು ಅಂತ ಹುಡುಕಿ ಪುಸ್ತಕ ಮಾಡಿದ್ದರು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಒಬ್ಬ ಮನುಷ್ಯ ಅಷ್ಟು ಕಾಳಜಿ ಮಾಡಿದ್ದರೆ, ಕೋಟಿಗಟ್ಟಲೆ ಹಣ ಇರುವ ಕಂಪನಿಗಳಿಗೆ ನಾಲ್ಕು ಸಾಲು ಸೇರಿಸುವುದು ಯಾಕೆ ಕಷ್ಟ? ಇದನ್ನು ನಾವು ಕೇಳುಗರು ಜೋರಾಗಿಯೇ ಕೇಳಬೇಕು.

ಅಲ್ಲಿಯವರೆಗೆ ಮೂಲ ಆಲ್ಬಂ ಹೆಸರು ಹಾಕಿಯೇ ಹುಡುಕಿ. 1963ರಲ್ಲಿ ಕಿರಿಯ ಟೆನರ್ ವಾದಕ ಸಾನಿ ರಾಲಿನ್ಸ್ ಜೊತೆ ಮಾಡಿದ 'ಸಾನಿ ಮೀಟ್ಸ್ ಹಾಕ್!' ಬಿಡಬೇಡಿ. ರಾಲಿನ್ಸ್‌ಗೆ ಹಾಕಿನ್ಸ್ ಚಿಕ್ಕಂದಿನಿಂದಲೂ ಆದರ್ಶ. ಆದರೂ ಅಲ್ಲಿ ಅವರು ಬೇಕಂತಲೇ ಮುರುಕು ಮುರುಕಾಗಿ, ಎಲ್ಲೆಲ್ಲೋ ಹೋಗಿ ನುಡಿಸುತ್ತಾರೆ. 58ರ ಹಾಕಿನ್ಸ್ ಒಂಚೂರೂ ಅಳುಕುವುದಿಲ್ಲ. 1966ರ ಕೊನೆಯ ಸ್ಟುಡಿಯೋ ರೆಕಾರ್ಡುಗಳಲ್ಲಿ ಉಸಿರು ಕುಗ್ಗಿದೆ, ಅದನ್ನು ಮುಚ್ಚಿಡುವುದು ಬೇಡ. 1969ರ ಮೇ ತಿಂಗಳಲ್ಲಿ ಅವರು ತೀರಿಕೊಂಡರು. ಹೊಸಬರಿಗೆ ನಾನು ಕೊಡುವ ಸರಣಿ ಇಷ್ಟು: 'ದ ಸ್ಟಾಂಪೀಡ್', 'ಒನ್ ಅವರ್', 1939 ಮತ್ತು 1940ರ 'ಬಾಡಿ ಆ್ಯಂಡ್ ಸೋಲ್', 'ಫ್ಲೈಯಿಂಗ್ ಹಾಕ್', 'ರೂಬಿ, ಮೈ ಡಿಯರ್', 'ಡ್ರೈವಾ ಮ್ಯಾನ್'. ಒಂದೇ ಸಂಜೆಯಲ್ಲಿ ಮುಗಿಯುತ್ತದೆ. ಕ್ರಮ ಮಾತ್ರ ತಪ್ಪಿಸಬೇಡಿ.