ನೀರು ಹಾಕುವ ಹೊತ್ತು

ಗಿಡಕ್ಕೆ ಯಾವಾಗ ನೀರು ಹಾಕ್ತೀರಿ ಅಂತ ಬೆಂಗಳೂರಿನಲ್ಲಿ ಯಾರನ್ನಾದರೂ ಕೇಳಿ ನೋಡಿ. ಬರುವ ಉತ್ತರದಲ್ಲಿ ಗಿಡದ ವಿಷಯ ಇರುವುದೇ ಅಪರೂಪ. "ನಮ್ಮಲ್ಲಿ ಕಾವೇರಿ ನೀರು ದಿನ ಬಿಟ್ಟು ದಿನ, ಬಂದಾಗ ಹಾಕ್ತೀವಿ." "ಏಳೂವರೆಗೆ ಕ್ಯಾಬ್ ಬರುತ್ತೆ, ಅಷ್ಟರೊಳಗೆ." "ಕೆಲಸದವರು ಬಂದಾಗ ಅವರೇ ಹಾಕ್ತಾರೆ." "ಕೆಳಗಿನ ಮನೆಯವರು ಬಟ್ಟೆ ತೆಗೆದ ಮೇಲೆ." ಗಿಡ ಪಾಪ, ಕುಂಡದಲ್ಲಿ ನಿಂತುಕೊಂಡೇ ಮನೆಯವರ ಟೈಮ್‌ಟೇಬಲ್ ಬಾಯಿಪಾಠ ಮಾಡಿಕೊಂಡಿರುತ್ತದೆ.

ಪುಸ್ತಕ ಓದಿದವರ ಉತ್ತರ ಒಂದೇ. ಬೆಳಿಗ್ಗೆ, ಬಿಸಿಲೇರುವ ಮೊದಲು. ಕಾರಣವೂ ಸರಿಯಾಗಿದೆ. ಬೆಳಕು ಹರಿದಾಗ ಎಲೆಗಳ ಸಣ್ಣ ಸಣ್ಣ ರಂಧ್ರಗಳು ತೆರೆದುಕೊಳ್ಳುತ್ತವೆ. ಅಲ್ಲಿಂದ ನೀರು ಆವಿಯಾಗಿ ಹೋಗುತ್ತಿದ್ದಂತೆ ಕೆಳಗಿನಿಂದ ಬೇರು ಎಳೆದುಕೊಳ್ಳುತ್ತದೆ. ಆ ಹೊತ್ತಿಗೆ ಮಣ್ಣಲ್ಲಿ ನೀರು ಇದ್ದರೆ ಮಧ್ಯಾಹ್ನದ ಬಿಸಿಲು ತಡೆದುಕೊಳ್ಳುವುದು ಸುಲಭ. ಎಲೆ ಮೇಲೆ ಬಿದ್ದದ್ದೂ ಬೇಗ ಒಣಗುತ್ತದೆ. ಇದರಲ್ಲಿ ವಾದ ಮಾಡುವುದಕ್ಕೇನೂ ಇಲ್ಲ.

ನನ್ನ ತಕರಾರು ಬೆಳಿಗ್ಗೆಯ ಜೊತೆ. ಹಾಲು ಉಕ್ಕುತ್ತಿರುತ್ತದೆ, ಕುಕ್ಕರ್ ಕೂಗುತ್ತಿರುತ್ತದೆ, ಮಗುವಿನ ಒಂದು ಸಾಕ್ಸ್ ಕಾಣೆಯಾಗಿರುತ್ತದೆ, ಸ್ಕೂಲ್ ವ್ಯಾನ್ ಕೆಳಗೆ ಹಾರ್ನ್ ಹೊಡೆಯುತ್ತಿರುತ್ತದೆ. ಈ ಗಲಾಟೆಯಲ್ಲಿ ಗಿಡಕ್ಕೆ ನಡೆಯುವುದು ಅಭಿಷೇಕ ಮಾತ್ರ. ತಲೆ ಮೇಲೆ ಒಂದು ಮಗ್ ಸುರಿದು ಮುಂದಿನ ಕುಂಡಕ್ಕೆ ಓಡುತ್ತೇವೆ. ಅದು ಬೇರಿಗೆ ಇಳಿಯಿತಾ ಅಂತ ನೋಡುವವರು ಯಾರು?

ಈಗ ನರ್ಸರಿಯಿಂದ ತಂದ ಎಷ್ಟೋ ಕುಂಡಗಳಲ್ಲಿ ಮಣ್ಣಿಗಿಂತ ಕೋಕೋಪೀಟೇ ಜಾಸ್ತಿ. ತೆಂಗಿನ ನಾರಿನ ಈ ಪುಡಿ ಒದ್ದೆ ಇರುವಷ್ಟು ದಿನ ಬಲು ಸಾಧು. ಪೂರ್ತಿ ಒಣಗಿತು ಅಂದರೆ ಮತ್ತೆ ನೀರು ಹಿಡಿಯುವುದಕ್ಕೆ ಹಟ ಮಾಡುತ್ತದೆ. ಒಣಗಿದ ಗಡ್ಡೆ ಕುಂಡದ ಅಂಚು ಬಿಟ್ಟು ಒಳಕ್ಕೆ ಕುಗ್ಗಿರುತ್ತದೆ. ಸುರಿದ ನೀರು ಆ ಸಂದಿಯಲ್ಲೇ ಜಾರಿ, ತಳದ ತೂತಿನಿಂದ ಹೊರಬಂದು ತಟ್ಟೆ ತುಂಬುತ್ತದೆ. ತಟ್ಟೆ ತುಂಬಿತು ಅಂದಮೇಲೆ ಗಿಡಕ್ಕೂ ಹೊಟ್ಟೆ ತುಂಬಿತು ಅಂತ ನಾವು ಒಳಗೆ ಹೋಗುತ್ತೇವೆ. ಅಲ್ಲೇ ಬೆರಳು ಇಳಿಸಿ ನೋಡಿ, ಒಳಗೆಲ್ಲ ಪುಡಿ ಪುಡಿ. ಸ್ವಲ್ಪ ಹಾಕಿ, ಹತ್ತು ನಿಮಿಷ ಬಿಟ್ಟು, ಮತ್ತೆ ಸ್ವಲ್ಪ ಹಾಕಬೇಕು. ಹತ್ತು ನಿಮಿಷ! ಬೆಳಿಗ್ಗೆ ಏಳು ಗಂಟೆಗೆ!

ಹಾಗಾಗಿ ನಾನು ಸಂಜೆಯ ಪಕ್ಷ. ಇಲ್ಲಿ ಎರಡು ಕಡೆಯಿಂದ ಬೈಗುಳ ಕೇಳಬೇಕು. ಒಂದು ಹಿರಿಯರದು. "ದೀಪ ಹಚ್ಚಿದ ಮೇಲೆ ಗಿಡ ಮುಟ್ಟಬಾರದು ಕಣೇ, ಮಲಗಿರುತ್ತವೆ." ಹುಣಸೆ, ಮಳೆಮರ, ಮುಟ್ಟಿದರೆ ಮುನಿ ಇವೆಲ್ಲ ರಾತ್ರಿ ಎಲೆ ಮಡಚಿಕೊಳ್ಳುವುದನ್ನು ಕಂಡವರಿಗೆ ಆ ಮಾತು ಸುಮ್ನೆ ಅಂದದ್ದು ಅನ್ನಿಸುವುದಿಲ್ಲ. ಇನ್ನೊಂದು ಗುಲಾಬಿ ಬೆಳೆಸುವವರದು. ಗುಲಾಬಿ ಎಲೆಗೆ ಕಪ್ಪು ಚುಕ್ಕೆ ಬರುತ್ತದಲ್ಲ, ಆ ಶಿಲೀಂಧ್ರಕ್ಕೆ ಎಲೆ ಕೆಲವು ಗಂಟೆ ಒದ್ದೆಯಾಗಿರಬೇಕು. ಸಂಜೆ ತಲೆ ಮೇಲೆ ನೀರು ಹಾಕಿದರೆ ರಾತ್ರಿಯಿಡೀ ಒದ್ದೆ. ರೋಗಕ್ಕೆ ನಾವೇ ಹಾಸಿಗೆ ಹಾಸಿಕೊಟ್ಟ ಹಾಗೆ.

ಇಬ್ಬರಿಗೂ ನನ್ನ ಬಳಿ ಒಂದೇ ಉತ್ತರ. ಬುಡಕ್ಕೆ ಹಾಕಿ, ತಲೆಗೆ ಬೇಡ. ಐದೂವರೆಗೆ ಹಾಕಿ, ದೀಪ ಹಚ್ಚುವ ಹೊತ್ತಿಗೆ ಮುಗಿಸಿ. ಸಂಜೆಯಾದರೆ ಕೈಯಲ್ಲಿ ಕಾಫಿ ಲೋಟ ಇರುತ್ತದೆ, ಕಣ್ಣಿಗೂ ಬಿಡುವು. ದಾಸವಾಳದ ಎಲೆ ತಿರುಗಿಸಿದಾಗ ತೊಟ್ಟಿನ ಬಳಿ ಬೆಳ್ಳಗೆ ಅಂಟಿಕೊಂಡ ಹಿಟ್ಟು ತಿಗಣೆ ಕಾಣುವುದು ಆಗಲೇ. ಬೋರ್ ನೀರು ಹಾಕಿ ಹಾಕಿ ಮಣ್ಣಿನ ಕುಂಡದ ಹೊರಮೈಗೆ ಕಟ್ಟಿದ ಬಿಳಿ ಉಪ್ಪು ಕಾಣುವುದೂ ಆಗಲೇ. ಎದುರಿನ ಟೆರೇಸಿನವರು ಅದೇ ಹೊತ್ತಿಗೆ ಪೈಪು ಹಿಡಿದು ಬರುತ್ತಾರೆ. ನಿಮ್ಮ ಕರಿಬೇವು ಚೆನ್ನಾಗಿ ಬಂದಿದೆ ಅಲ್ವಾ ಅಂತ ಅವರು, ಹುಳಿ ಮಜ್ಜಿಗೆ ಹಾಕ್ತೀನಿ ಅಂತ ನಾನು. ಬೆಳಿಗ್ಗೆ ಈ ಮಾತಿಗೆಲ್ಲ ಪುರುಸೊತ್ತು ಎಲ್ಲಿ?

ಆದರೆ ಬಾಲ್ಕನಿ ಇರುವವರಿಗೆ ಇಷ್ಟು ಸ್ವಾತಂತ್ರ್ಯವಿಲ್ಲ. ಮೂರನೇ ಮಹಡಿಯ ನೀರು ಎರಡನೇ ಮಹಡಿಯ ಬೆಡ್‌ಶೀಟಿನ ಮೇಲೆ ಕೆಂಪು ಮಣ್ಣಿನ ಸಮೇತ ಇಳಿಯುತ್ತದೆ. "ಆಂಟೀ, ಸ್ವಲ್ಪ ನೋಡ್ಕೊಂಡು ಹಾಕಿ, ಬಟ್ಟೆ ಒಣಗಾಕಿದ್ದೀನಿ" ಅಂತ ಕೆಳಗಿನಿಂದ ಕೂಗು ಬಂದರೆ ಬೆಳಿಗ್ಗೆ, ಸಂಜೆ, ವಿಜ್ಞಾನ ಎಲ್ಲ ಪಕ್ಕಕ್ಕೆ. ಕೆಳಮನೆಯ ಹಗ್ಗ ಖಾಲಿ ಇರುವ ಹೊತ್ತೇ ಶುಭಮುಹೂರ್ತ.

ಹೊತ್ತು ಬಿಡಿ, ಗಿಡಕ್ಕೆ ನೀರು ಹಾಕಬಹುದೇ ಅನ್ನುವ ಪ್ರಶ್ನೆಯೇ ಒಂದು ಸಲ ಎದ್ದಿತ್ತು. 2024ರ ಮಾರ್ಚ್‌ನಲ್ಲಿ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರಿಗೆ ಕಾದು ಕೂತಿದ್ದಾಗ ಜಲಮಂಡಳಿ ಆದೇಶ ಹೊರಡಿಸಿತು. ಕುಡಿಯುವ ನೀರಲ್ಲಿ ಕಾರು ತೊಳೆಯುವ ಹಾಗಿಲ್ಲ, ಗಿಡಕ್ಕೆ ಹಾಕುವ ಹಾಗಿಲ್ಲ, ತಪ್ಪಿದರೆ 5,000 ರೂಪಾಯಿ ದಂಡ. ಸರಿಯಾದದ್ದೇ. ಕಾವೇರಿ ಈ ಊರಿಗೆ ತಾನಾಗಿ ಹರಿದು ಬರುವುದಿಲ್ಲ. ಸುಮಾರು 100 ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಕಡೆ ಪಂಪ್ ಮಾಡಿ, ಹೆಚ್ಚುಕಡಿಮೆ 500 ಮೀಟರ್ ಮೇಲಕ್ಕೆ ಎತ್ತಿ ತರುತ್ತಾರೆ. ಆ ನೀರನ್ನು ಕ್ರೋಟನ್ ಎಲೆಯ ಧೂಳು ತೊಳೆಯುವುದಕ್ಕೆ ಬಿಡುವುದು ಅನ್ಯಾಯವೇ.

ಆಗ ಎಷ್ಟೋ ಮನೆಗಳಲ್ಲಿ ಗಿಡದ ಗಡಿಯಾರ ಅಡುಗೆಮನೆಗೆ ಬಂತು. ಅಕ್ಕಿ ತೊಳೆದಾಗ ತುಳಸಿಗೆ. ಸೊಪ್ಪು ತೊಳೆದಾಗ ಬಸಳೆಗೆ. ಬೇಳೆ ತೊಳೆದ ನೀರು ಕರಿಬೇವಿಗೆ. ಕುಡಿಯುವ ನೀರಿನ ಆರ್‌ಓ ಫಿಲ್ಟರಿನಿಂದ ಹೊರಬೀಳುವ ನೀರನ್ನೂ ಜನ ಬಕೆಟ್‌ನಲ್ಲಿ ಹಿಡಿದಿಟ್ಟರು. ಅದರಲ್ಲಿ ಉಪ್ಪಿನ ಅಂಶ ಜಾಸ್ತಿ, ನೆಲ ಒರೆಸುವುದಕ್ಕೆ ವಾಸಿ, ಗಿಡಕ್ಕೆ ದಿನಾ ಬೇಡ. ಬರ ಕಳೆದರೂ ಕೆಲವು ಮನೆಗಳಲ್ಲಿ ಈ ಅಭ್ಯಾಸ ಹಾಗೇ ಉಳಿದಿದೆ. ಅಕ್ಕಿ ತೊಳೆಯುವುದು ಯಾರೂ ಮರೆಯದ ಕೆಲಸ ನೋಡಿ. ಹಾಗಾಗಿ ನೀರು ಹಾಕುವುದೂ ಮರೆತುಹೋಗುವುದಿಲ್ಲ.

ಏಪ್ರಿಲ್, ಮೇ ಬಂದರೆ ಸಂಜೆಯವರ ಸರದಿ ಪೇಚಾಡುವುದು. ಮಧ್ಯಾಹ್ನವೆಲ್ಲ ಬೆಂದು, ನಾಲ್ಕು ಗಂಟೆ ಮೇಲೆ ಮೋಡ ಕಟ್ಟಿ, ಆಫೀಸು ಬಿಡುವ ಹೊತ್ತಿಗೆ ಸರಿಯಾಗಿ ಸುರಿಯುವುದು ಇಲ್ಲಿನ ಬೇಸಿಗೆ ಮಳೆಯ ಚಾಳಿ. ಸುರಿಯಬಹುದು ಅಂತ ಕಾದರೆ ಗುಡುಗಿ ಹೊಸಕೋಟೆ ಕಡೆ ಹೋಗುತ್ತದೆ. ಹೋಯಿತು ಅಂತ ಪೈಪು ಹಿಡಿದರೆ ಐದು ನಿಮಿಷಕ್ಕೆ ಆಲಿಕಲ್ಲು. ಇದಕ್ಕಿಂತ ಮೋಸ ಬಾಲ್ಕನಿ ಗಿಡದ್ದು. ಹೊರಗೆ ಧೋ ಅಂತ ಮಳೆ, ರಸ್ತೆ ತುಂಬ ನೀರು. ಮನೆಯವರು ಇವತ್ತು ನೀರು ಹಾಕೋದು ಬೇಡ ಅಂತ ಬೋಂಡ ಕರಿಯಲು ಹೋಗುತ್ತಾರೆ. ತಲೆ ಮೇಲೆ ಕಾಂಕ್ರೀಟ್ ಸೂರು ಇರುವ ಆ ಗಿಡ ಕಣ್ಣೆದುರು ಮಳೆ ನೋಡುತ್ತಲೇ ಬಾಡುತ್ತದೆ.

ಮಧ್ಯಾಹ್ನದ ಬಗ್ಗೆ ಮಾತ್ರ ಎಲ್ಲರಿಗೂ ಭಯ. ಎಲೆ ಮೇಲಿನ ಹನಿ ಭೂತಗನ್ನಡಿಯಾಗಿ ಎಲೆ ಸುಡುತ್ತದೆ ಅಂತ ಒಂದು ಮಾತಿದೆ. 2010ರಲ್ಲಿ ಹಂಗೇರಿಯ ವಿಜ್ಞಾನಿಗಳು ಇದನ್ನೇ ಪರೀಕ್ಷೆಗೆ ಇಟ್ಟರು. ನುಣುಪು ಎಲೆಗಳು ಸುಡಲಿಲ್ಲ. ಹನಿಯನ್ನು ಮೇಲಕ್ಕೆ ಎತ್ತಿ ಹಿಡಿಯುವ ರೋಮ ಇರುವ ಎಲೆಗಳಲ್ಲಿ ಮಾತ್ರ ಆ ಅಪಾಯ. ಟೆರೇಸಿನ ಕುಂಬಳ ಬಳ್ಳಿ ಮಧ್ಯಾಹ್ನ ಎಲೆ ಜೋತು ಹಾಕಿಕೊಂಡರೆ ಗಾಬರಿಯಾಗಿ ಓಡುವುದೂ ಬೇಡ. ಬಿಸಿಲಿಗೆ ಹೊರಹೋಗುವಷ್ಟು ಬೇಗ ಬೇರಿಗೆ ಎಳೆಯಲಾಗುವುದಿಲ್ಲ, ಅಷ್ಟೇ. ಮಣ್ಣು ಒದ್ದೆ ಇದ್ದರೆ ಸಂಜೆಗೆ ತಾನೇ ಎದ್ದು ಕೂರುತ್ತದೆ. ಸಂಜೆಗೂ ಏಳದಿದ್ದರೆ, ಇಲ್ಲಾ ಮಣ್ಣು ಒಣಗಿದ್ದರೆ, ಗಡಿಯಾರ ನೋಡದೆ ನೀರು ಹಾಕಿ.

ಇಷ್ಟೆಲ್ಲ ಶಾಸ್ತ್ರ ಊರಿಗೆ ಹೊರಟ ದಿನ ಉಳಿಯುವುದಿಲ್ಲ. ಪಕ್ಕದ ಮನೆಯವರ ಕೈಗೆ ಬೀಗದ ಕೈ ಕೊಡುತ್ತಾ "ಸಾಧ್ಯವಾದರೆ ಸಂಜೆ ಹೊತ್ತು..." ಅಂತ ರಾಗ ಎಳೆಯುತ್ತೇವೆ. "ಮಗೂನ ಸ್ಕೂಲಿಂದ ಕರ್ಕೊಂಡು ಬರೋವಾಗ ಹಾಕ್ತೀನಿ ರೀ, ಮಧ್ಯಾಹ್ನ ಒಂದೂವರೆಗೆ, ಪರವಾಗಿಲ್ವಾ?" ಅನ್ನುತ್ತಾರೆ ಅವರು. ಖಂಡಿತ ಪರವಾಗಿಲ್ಲ. ಟೆರೇಸಿನ ಪೈಪಿನೊಳಗೆ ನಿಂತ ನೀರು ಆ ಹೊತ್ತಿಗೆ ಸ್ನಾನಕ್ಕಾಗುವಷ್ಟು ಬಿಸಿ ಇರುತ್ತದೆ, ಮೊದಲು ಸ್ವಲ್ಪ ಬಕೆಟ್‌ಗೆ ಬಿಡಿ ಅಂತ ಹೇಳಿದರೆ ಸಾಕು. ಬರುವಾಗ ಅವರಿಗೆ ಒಂದು ಪೊಟ್ಟಣ ಚಕ್ಕುಲಿ ತರುವುದು ಮರೆಯಬೇಡಿ.