ಅಕ್ಕನ ಎಲ್‌ಎಲ್, ನನ್ನ ಆರು ಪಾಯಿಂಟು

ಅಕ್ಕನಿಗೆ 46 ವರ್ಷ. ಈಗ ಕಾರು ಕಲಿಯುವ ಹುಮ್ಮಸ್ಸು ಬಂದಿದೆ. ಅದಕ್ಕೆ ಮೊದಲು ಎಲ್‌ಎಲ್, ಅಂದರೆ ಲರ್ನರ್ ಲೈಸೆನ್ಸ್ ಬೇಕು. ನಾನು ನ್ಯೂಯಾರ್ಕಿನಿಂದ ರಜೆಗೆ ರಾಜಾಜಿನಗರಕ್ಕೆ ಬಂದ ಎರಡನೇ ದಿನವೇ ಇಬ್ಬರೂ ಕಾಗದಪತ್ರ ಹರಡಿಕೊಂಡು ಕೂತೆವು. "ಏಜೆಂಟ್ ಕೈಗೆ ಕೊಟ್ಟರೆ ಆಯ್ತಪ್ಪ, ನಿನಗ್ಯಾಕೆ ತಲೆನೋವು?" ಅಂದರು ಭಾವ. ನನಗೆ ಈ ಮಾತೇ ಹಿಡಿಸುವುದಿಲ್ಲ.

ನ್ಯೂಯಾರ್ಕಿನಲ್ಲಿ ಲರ್ನರ್ ಪರ್ಮಿಟ್ (ಅಲ್ಲಿಯ ಎಲ್‌ಎಲ್) ಬೇಕೆಂದರೆ ಗುರುತಿನ ದಾಖಲೆಗಳಿಂದ 6 ಪಾಯಿಂಟ್ ಆಗಬೇಕು. ವೀಸಾ ಮತ್ತು ಐ-94 (ಅಮೆರಿಕಕ್ಕೆ ಬಂದಿಳಿದ ದಾಖಲೆ) ಜೊತೆಗಿರುವ ಪಾಸ್‌ಪೋರ್ಟಿಗೆ 4, ಅಲ್ಲಿಯ ಸರ್ಕಾರ ಕೊಡುವ ಸೋಷಿಯಲ್ ಸೆಕ್ಯುರಿಟಿ ಕಾರ್ಡಿಗೆ 2. ಮನೆಯಲ್ಲೇ ಕೂಡಿ ನೋಡಬಹುದು. ನಾನೂ ಕೂಡಿಕೊಂಡು, ಆರು ಆಯ್ತು ಅಂತ ಬೀಗುತ್ತಾ ಲೈಸೆನ್ಸ್ ಕಚೇರಿಗೆ ಹೋದೆ. ಆದರೆ ವಿಮಾನದಲ್ಲಿ ಬಂದವರು ಐ-94 ಅನ್ನು ವೆಬ್‌ಸೈಟಿನಿಂದ ತಾವೇ ಪ್ರಿಂಟ್ ತೆಗೆಯಬೇಕು. ನಾನು ತೆಗೆದಿರಲಿಲ್ಲ. ವಾಪಸ್ ಬಂದೆ.

ಎರಡನೇ ಸಲ ರೂಢಿಯಂತೆ ಇನಿಷಿಯಲ್ ಹಾಕಿ ಹೆಸರು ಬರೆದೆ. ಕೌಂಟರಿನಾಕೆ ಹೊಸ ಫಾರ್ಮ್ ಕೊಟ್ಟು, ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಬರೆಯಿರಿ ಅಂದಳು. ಪಾಸ್‌ಪೋರ್ಟಿನಲ್ಲಿ ನನ್ನ ಸರ್‌ನೇಮ್ ಹಾಸನ. ಅಂದಿನಿಂದ ನಾನಲ್ಲಿ ಮಿಸ್ಟರ್ ಹಾಸನ್. ಕರೆದಾಗಲೆಲ್ಲ ಊರು ನೆನಪಾಗುತ್ತದೆ, ಬೇಜಾರೇನಿಲ್ಲ.

ನಮ್ಮ ಹೆಸರುಗಳೇ ಹಾಗೆ ಅಲ್ವಾ? ಊರು, ಅಪ್ಪ, ಗಂಡ ಎಲ್ಲರೂ ಅದರಲ್ಲಿ ಜಾಗ ಕೇಳುತ್ತಾರೆ. ಅಕ್ಕನ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಅಪ್ಪನ ಇನಿಷಿಯಲ್. ಆಧಾರ್‌ನಲ್ಲಿ ಭಾವನ ಹೆಸರು. ಪ್ಯಾನ್ ಕಾರ್ಡಿನಲ್ಲಿ ಇಬ್ಬರೂ ಇಲ್ಲ. ಸಾಲದ್ದಕ್ಕೆ ಅವಳ ಹಳೇ ಆಧಾರ್‌ನಲ್ಲಿ ಹುಟ್ಟಿದ ವರ್ಷ ಮಾತ್ರ ಇದೆ, ತಾರೀಖಿಲ್ಲ. "ಇಷ್ಟು ವರ್ಷ ಯಾರೂ ಕೇಳಿರಲಿಲ್ಲ ಕಣೋ" ಅಂತ ನನ್ನ ಮೇಲೇ ರೇಗಿದಳು.

ನಿಜ ಹೇಳಬೇಕೆಂದರೆ ಬೆಂಗಳೂರಿನ ದಾರಿಯೇ ಸಲೀಸು. ಆಧಾರ್ ಸರಿಯಿದ್ದರೆ ಲೈಸೆನ್ಸಿಗಾಗಿ ಇರುವ ಸರ್ಕಾರಿ ವೆಬ್‌ಸೈಟ್ ಸಾರಥಿ ಪೋರ್ಟಲ್‌ನಲ್ಲಿ ಒಟಿಪಿ ಹಾಕಿ, ಮನೆಯಲ್ಲೇ ಕೂತು, ಕನ್ನಡದಲ್ಲೇ ಎಲ್‌ಎಲ್ ಪರೀಕ್ಷೆ ಬರೆಯಬಹುದು. 40 ದಾಟಿದವರಿಗೆ ಡಾಕ್ಟರ್ ಸಹಿಯ ಫಾರ್ಮ್ 1ಎ ಬೇಕು, ಅಷ್ಟೇ. ("ನನಗೆ ಬಿಪಿನೂ ಇಲ್ಲ, ಶುಗರೂ ಇಲ್ಲ" ಅಂತ ಅಕ್ಕ ಅದಕ್ಕೂ ಮುನಿಸಿಕೊಂಡಳು.) ನಾನು ನ್ಯೂಯಾರ್ಕಿನಲ್ಲಿ ಕಣ್ಣಿನ ಪರೀಕ್ಷೆ ಮುಗಿಸಿ, 20 ಪ್ರಶ್ನೆಗಳಲ್ಲಿ 14 ಸರಿ ಮಾಡಬೇಕಿತ್ತು.

ಇಷ್ಟು ಸಲೀಸಾಗಿರುವಾಗ ಏಜೆಂಟ್ ಯಾಕೆ? ದುಡ್ಡಿನ ಮಾತು ಬಿಡಿ. ಅವನು ಫಾರ್ಮ್ ತುಂಬಿದರೆ ನಮ್ಮ ಹೆಸರಿನ ಮುಂದೆ ಏನು ಬಿತ್ತು ಅಂತ ನಾವು ನೋಡುವುದೇ ಇಲ್ಲ. ನಾವು ಕೊಟ್ಟ ತಪ್ಪನ್ನೇ ಅವನು ಟೈಪ್ ಮಾಡುತ್ತಾನೆ. ಎಲ್‌ಎಲ್ ಇರುವುದೇ 6 ತಿಂಗಳು. ಅದರಲ್ಲೂ 30 ದಿನ ಕಳೆಯದೆ ಡಿಎಲ್ ಪರೀಕ್ಷೆಗೆ ಹೋಗುವಂತಿಲ್ಲ. ಮಧ್ಯೆ ಹೆಸರು ತಿದ್ದಿಸುತ್ತಾ ಕೂತರೆ ಕಾರು ಕಲಿಯುವುದು ಯಾವಾಗ? ಆಮೇಲೆ ಓಡಾಡುವುದಕ್ಕಿಂತ ಮೊದಲೇ ಆಧಾರ್ ಸರಿಮಾಡಿಸುವುದು ವಾಸಿ ಅಂತ ನನ್ನ ವಾದ.

ಅಕ್ಕ ಒಪ್ಪಿದಳು. ಆಧಾರ್ ಕೇಂದ್ರಕ್ಕೆ ಅಪಾಯಿಂಟ್‌ಮೆಂಟ್ ತೆಗೆದುಕೊಂಡೆವು. ಸುಮ್ನೆ ಕೂತಿದ್ದ ಭಾವ ಪರ್ಸಿನಿಂದ ತಮ್ಮ ಡಿಎಲ್ ತೆಗೆದು ಕನ್ನಡಕ ಏರಿಸಿ ನೋಡಿದರು. ಹೆಸರಿನಲ್ಲಿ ಒಂದು ಅಕ್ಷರ ಜಾಸ್ತಿ ಇತ್ತು. ಅದನ್ನು ಏಜೆಂಟೇ ಮಾಡಿಸಿಕೊಟ್ಟಿದ್ದನಂತೆ.